ನಗದ ಹುಡುಗ

ಇವತ್ತು ಸಂಜೆ ತಂಬ್ರಹಳ್ಳಿ ಬಸ್ ಸ್ಟ್ಯಾಂಡಿನಾಗ ಶಾಲೆ ಬಿಟ್ಟು ಬಂದ ಹುಡುಗ್ರು ಹಗರಿಬೊಮ್ಮನಹಳ್ಳಿ ಬಸ್ಸಿಗೆ ಕಾಯ್ತಿದ್ರು. ಆರೋ ಏಳೋ ಕ್ಲಾಸಿರಬೇಕು. ಒಬ್ಬನನ್ನ "ಏ ಗುಳೆ, ಮತ್ತ ಯಾವಾಗ ಗಂಟು ಕಟ್ತೀಯಲೇ?" ಅಂತ ಕಾಡಿಸ್ತಿದ್ರು. ಮನಿಯವರು ದುಡಿಯಾಕ ಊರು ಬಿಟ್ಟು ಹೋಗಿ ಬಂದವರು ಅಂತ ಕಾಣ್ತದ. ಅವನು ಬ್ಯಾಗಿನ ಜಿಪ್ಪು ಎಳೀತಾ, ಮುಚ್ತಾ ಕೂತಿದ್ದ. ಎಲ್ರೂ ನಕ್ರು. ಒಬ್ಬ ಮಾತ್ರ ನಗಲಿಲ್ಲ. ಎದ್ದು ಹೋಗಿ ಅವನ ಪಕ್ಕ ಕೂತು, "ಗಣಿತದಾಗ ಹೋಂವರ್ಕ್ ಏನ್ ಕೊಟ್ಟಾರಲೇ?" ಅಂದ. ಉಳಿದವರ ದನಿ ತಾನೇ ಇಳೀತು.

ನಾವು ಬುದ್ಧಿ ಹೇಳೋದು ಕಾಡಿಸೋನಿಗೆ, ಇಲ್ಲಾ ಸಹಿಸ್ಕೋ ಅಂತ ಅಳೋನಿಗೆ. ಸುತ್ತ ನಿಂತು ನಗೋರಿಗೆ ಯಾರೂ ಏನೂ ಕಲಿಸೋದಿಲ್ಲ. ಕಾಡಿಸೋನಿಗೆ ಬೇಕಾಗಿರೋದೇ ಆ ನಗು! ದಿನಾ ಒಬ್ಬನ ಮ್ಯಾಲೇ ಬಿದ್ರೆ ಅದು ತಮಾಷೆ ಅಲ್ಲ, ಟೀಚರಿಗೆ ಹೇಳಿದ್ರೆ ಅದು ಚಾಡಿ ಅಲ್ಲ ಅಂತ ಆರನೇ ಕ್ಲಾಸಿನಿಂದಲೇ ಹೇಳಿಕೊಡಬೇಕು. ಮಕ್ಕಳ ಸಹಾಯವಾಣಿ 1098 ಅಂತ ಗೋಡೆ ಮ್ಯಾಲೆ ಬರೆದ್ರೆ ಸಾಲದು, ಯಾವಾಗ ಫೋನ್ ಮಾಡಬೇಕು ಅಂತಾನೂ ತಿಳಿಸಬೇಕು. ಪಂಚಾಯ್ತಿಯ ಮಕ್ಕಳ ಗ್ರಾಮಸಭೆಯೊಳಗ ಶೌಚಾಲಯ, ಕಾಂಪೌಂಡಿನ ಜೊತಿಗೆ ಈ ಕಾಡಿಸೋದರ ಮಾತೂ ಬರಲಿ.

ನಿಮ್ಮೂರ ಶಾಲೆಯೊಳಗ ಸುತ್ತ ನಿಂತು ನಗೋರಿಗೆ ಇದನ್ನ ಯಾರಾದ್ರೂ ಕಲಿಸ್ತಿದ್ದಾರಾ? ಹೆಂಗ ಕಲಿಸ್ತಾರ ಅಂತ ಬರೀರಿ.