ಗುಂಡಿ ಬಿಟ್ಟರೆ ಮಾತ್ರ ಕೇಳಿಸುತ್ತದೆ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ಪುಣೆಯಿಂದ ದೂರವಾಣಿ ಮಾಡಿದ್ದ. ಯೋಗಕ್ಷೇಮದ ಮಾತೆಲ್ಲ ಮುಗಿದ ಮೇಲೆ, "ಸಾರ್, ನೀವೀಗ ಪೊಲೀಸರ ಹಾಗೆ ವಾಕಿಟಾಕಿ ಹಿಡ್ಕೊಂಡು ಕಾಡಿನಲ್ಲಿ ಓಡಾಡ್ತೀರಂತೆ, ನಿಜವಾ?" ಎಂದು ಕೇಳಿ ಗೊಳ್ಳನೆ ನಕ್ಕ. ನಿಜವೆಂದೆ. ಆದರೆ ಆ ಸೆಟ್ಟಿನ ಪೂರ್ತಿ ಕಥೆಯನ್ನು ಅವನಿಗೆ ಹೇಳಲಿಲ್ಲ. ನಾಲ್ಕು ಜನರೆದುರು ಹೇಳಿಕೊಳ್ಳುವಂಥ ಕಥೆಯೂ ಅದಲ್ಲ. ಆದರೂ ಬರೆದಿಡಬೇಕೆಂದು ಈಗ ಅನ್ನಿಸಿದೆ.

ನಮ್ಮ ಊರು ಕುಬಟೂರು. ಕೋಟಿಪುರದ ಕೈಟಭೇಶ್ವರ ದೇವಾಲಯವನ್ನು ನೋಡಲು ಬರುವವರು ಆನವಟ್ಟಿಯ ಕಡೆಯಿಂದ ಬಂದು, ಫೋಟೋ ತೆಗೆದುಕೊಂಡು, ಬನವಾಸಿಯ ಕಡೆಗೆ ಹೊರಟುಬಿಡುತ್ತಾರೆ. ನಮ್ಮ ಸೊರಬ ಸೀಮೆಯ ಇನ್ನೊಂದು ಸಂಪತ್ತು ಅವರ ಕಣ್ಣಿಗೆ ಬೀಳುವುದಿಲ್ಲ. ಅದೇ ಕಾನು. ಸುತ್ತಲೂ ಎಲೆ ಉದುರಿಸುವ ಕಾಡಿದ್ದರೂ ನಡುನಡುವೆ ದ್ವೀಪಗಳಂತೆ ನಿಂತಿರುವ ನಿತ್ಯಹಸುರಿನ ತುಂಡುಗಳಿವು. ಒಳಗೆ ದೇವರು, ನೀರಿನ ಸೆಲೆ, ಕಾಳುಮೆಣಸಿನ ಬಳ್ಳಿ. 1868ರಷ್ಟು ಹಿಂದೆಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳ ಬಗ್ಗೆಯೇ ಒಂದು ವರದಿಯನ್ನು ಬರೆದಿದ್ದರು. ಅಂದಿನ ಕಾನುಗಳಲ್ಲಿ ಇಂದು ಉಳಿದಿರುವುದು ಕಡಿಮೆ. ಉಳಿದದ್ದಕ್ಕೂ ಬೇಸಿಗೆಯಲ್ಲಿ ಬೆಂಕಿಯ ಭಯ.

ನಾವು ಹುಡುಗರಾಗಿದ್ದಾಗ ಕಾಡಿಗೆ ಹೋದವರ ನಡುವಿನ ಸಂಪರ್ಕವೆಂದರೆ "ಕೂ" ಹಾಕುವುದು. ಸೊಪ್ಪಿಗೆ ಹೋದವರು, ದರಗು ಗುಡಿಸುವವರು, ದನ ಹುಡುಕುವವರು ಎಲ್ಲರೂ ಕೂ ಹಾಕುತ್ತಿದ್ದರು. ಒಂದು ಕೂ ಎಂದರೆ "ಎಲ್ಲಿದ್ದೀಯ?" ಎರಡು ಎಂದರೆ "ಇತ್ತ ಬಾ". ಬಿಡದೆ ಹಾಕಿದರೆ ಏನೋ ಅನಾಹುತವಾಗಿದೆ ಎಂದರ್ಥ. ನಮ್ಮ ತಂದೆಯವರು ನನಗೆ ಕಲಿಸಿದ್ದು ಕೂಗುವುದನ್ನಲ್ಲ, ಅದು ಯಾವ ಹುಡುಗನಿಗೂ ಬರುತ್ತದೆ. "ಕೂ ಹಾಕಿದ ಮೇಲೆ ಉಸಿರು ಹಿಡಿದು ನಿಲ್ಲು. ಕಾಲಡಿಯ ತರಗೆಲೆ ಕೂಡ ಸದ್ದು ಮಾಡಬಾರದು" ಎನ್ನುತ್ತಿದ್ದರು. ಮೂವತ್ತನಾಲ್ಕು ವರ್ಷ ಮೇಷ್ಟರಾಗಿದ್ದ ನಾನು ಈ ಪಾಠದ ಎರಡನೆಯ ಅರ್ಧವನ್ನು ಮರೆತೆ ಎಂಬುದೇ ಈ ಬರಹದ ತಿರುಳು.

2018ರಲ್ಲಿ ನಿವೃತ್ತನಾಗಿ ಊರಿಗೆ ಬಂದು ನೆಲೆಸಿದೆ. ಮರುವರ್ಷ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಸಾವಿರಾರು ಎಕರೆ ಸುಟ್ಟುಹೋದದ್ದು ನಿಮಗೆ ನೆನಪಿರಬಹುದು. ಅದಕ್ಕೂ ಎರಡು ವರ್ಷ ಮೊದಲು, 2017ರಲ್ಲಿ, ಅಲ್ಲಿಯದೇ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣವನ್ನೇ ತೆತ್ತರು. ಆ ಚಿತ್ರಗಳನ್ನು ನೋಡಿದ ಮೇಲೆ ನಮ್ಮ ಕೇರಿಯ ಹತ್ತಾರು ಮಂದಿ ಸೇರಿ, ಅರಣ್ಯ ಇಲಾಖೆಯವರಿಗೆ ತಿಳಿಸಿ, ನಮ್ಮ ಸೊಪ್ಪಿನಬೆಟ್ಟದ ಅಂಚಿಗೆ ಪ್ರತಿವರ್ಷ ಬೆಂಕಿ ರೇಖೆ ಮಾಡಲು ಆರಂಭಿಸಿದೆವು. ಸಂಕ್ರಾಂತಿ ಕಳೆದ ಮೇಲೆ ಅಂಚಿನುದ್ದಕ್ಕೂ ಕುರುಚಲನ್ನು ಸವರಿ, ತರಗೆಲೆಯನ್ನು ಗುಡಿಸಿ, ನೆಲವನ್ನು ಬರಿದು ಮಾಡುವ ಕೆಲಸ. ಬೆಂಕಿ ಬಂದರೆ ಆ ಬರಿನೆಲದಲ್ಲಿ ತಿನ್ನಲು ಏನೂ ಸಿಗದೆ ನಿಲ್ಲಬೇಕು. ಎಲೆ ಉದುರುತ್ತಲೇ ಇರುವುದರಿಂದ ಮಾರ್ಚ್ ತಿಂಗಳಲ್ಲಿ ಮತ್ತೊಮ್ಮೆ ಗುಡಿಸಬೇಕಾಗುತ್ತದೆ.

ತೊಂದರೆ ಏನೆಂದರೆ, ಕೆಲಸದವರು ಉದ್ದಕ್ಕೂ ಹಂಚಿಹೋಗುತ್ತಾರೆ. ಮೊಬೈಲು ಕೆರೆ ಏರಿಯ ಮೇಲೆ ಮಾತ್ರ ಸಿಗುತ್ತದೆ. ಏರಿ ಇಳಿದರೆ "ನೀವು ಕರೆ ಮಾಡಿದ ಚಂದಾದಾರರು" ಎಂಬ ಹೆಣ್ಣುದನಿ ಕೂಡ ಕೇಳಿಸದು. 2020ರಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನಿಂದ ಬಂದ ನನ್ನ ತಮ್ಮನ ಮಗ ಇದನ್ನು ಗಮನಿಸಿ, ಮುಂದಿನ ಬೇಸಿಗೆಗೆ ಐದು ವಾಕಿಟಾಕಿಗಳನ್ನು ತಂದ.

ನಾನು ಮೊದಲು ಕೇಳಿದ್ದು "ಇದಕ್ಕೆ ಲೈಸೆನ್ಸ್ ಬೇಡವೇನೋ?" ಎಂದು. 1933ರ ವೈರ್‌ಲೆಸ್ ಕಾಯಿದೆಯ ಭಯ ನಮ್ಮ ತಲೆಮಾರಿನವರಿಗೆ ರೇಡಿಯೋ ಲೈಸೆನ್ಸ್ ಪುಸ್ತಕದ ಕಾಲದಿಂದಲೂ ಇದೆ. ಅವನು ವಿವರಿಸಿದ. 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಸಣ್ಣ ಪಟ್ಟಿಯಲ್ಲಿ, ಕಡಿಮೆ ಶಕ್ತಿಯ, ಅನುಮೋದಿತ ಸೆಟ್ಟುಗಳಿಗೆ 2018ರಲ್ಲಿ ಕೇಂದ್ರ ಸರ್ಕಾರ ಪರವಾನಗಿಯಿಂದ ವಿನಾಯಿತಿ ನೀಡಿದೆಯಂತೆ. ಬೇರೆ ತರಂಗಾಂತರದ ಸೆಟ್ಟುಗಳನ್ನು ಅಗ್ಗವೆಂದು ತಂದು ಬಳಸಿದರೆ ಮಾತ್ರ ಅಪರಾಧ. ತರುವವರು ಇದನ್ನು ನೋಡಿ ತನ್ನಿ.

ಪೆಟ್ಟಿಗೆಯ ಮೇಲೆ ಐದು ಕಿಲೋಮೀಟರ್ ಎಂದು ಮುದ್ರಿಸಿದ್ದರು. ಅದು ಬಯಲಿನ ಲೆಕ್ಕ. ನಮ್ಮ ಕಾನಿನೊಳಗೆ ಒಂದು ಕಿಲೋಮೀಟರ್ ದಾಟಿದರೆ ಪುಣ್ಯ. ವಿಜ್ಞಾನದ ಮೇಷ್ಟರಾದ್ದರಿಂದ ಕಾರಣ ಹೇಳದೆ ಬಿಡಲಾರೆ. ಈ ಸೆಟ್ಟಿನ ಅಲೆಯ ಉದ್ದ ಸುಮಾರು 67 ಸೆಂಟಿಮೀಟರ್. ಹಸಿ ಎಲೆ, ಹಸಿ ಕಾಂಡಗಳಲ್ಲಿರುವ ನೀರು ಇದನ್ನು ಹೀರಿಬಿಡುತ್ತದೆ. ಅರಣ್ಯ ಇಲಾಖೆಯವರ ವಿ.ಎಚ್.ಎಫ್. ಸೆಟ್ಟಿನ ಅಲೆ ಹೆಚ್ಚುಕಡಿಮೆ ಎರಡು ಮೀಟರ್ ಉದ್ದವಿದ್ದು, ಮರಗಳ ನಡುವೆ ಇದಕ್ಕಿಂತ ಸುಲಭವಾಗಿ ನುಸುಳುತ್ತದೆ. ಜೊತೆಗೆ ಅವರಿಗೆ ಎತ್ತರದ ಜಾಗದಲ್ಲಿ ಮರುಪ್ರಸಾರದ ಗೋಪುರವೂ ಇರುತ್ತದೆ. ನಮಗೆ ಗೋಪುರವಿಲ್ಲ, ಏರಿಯ ಮೇಲಿನ ಒಂದು ಬಂಡೆಗಲ್ಲಿದೆ. ಕತ್ತಿ ಹಿಡಿಯಲಾಗದ ನನ್ನನ್ನು ಆ ಕಲ್ಲಿನ ಮೇಲೆ ಕೂರಿಸಿ, "ದೊಡ್ಡಪ್ಪಾ, ನೀವೇ ಕಂಟ್ರೋಲ್ ರೂಮು" ಎಂದ ಹುಡುಗ.

ಸಿಕ್ಕಿದ್ದೇ ಅವಕಾಶವೆಂದು ನಾನು ಪಾಠ ಶುರುಮಾಡಿದೆ! ಇದು ಟೆಲಿಫೋನಿನಂತಲ್ಲ, ಒಂದು ಸಲಕ್ಕೆ ಒಬ್ಬರೇ ಮಾತನಾಡಬೇಕು. ಗುಂಡಿ ಒತ್ತಿ, ಒಂದು ಕ್ಷಣ ತಡೆದು, ಆಮೇಲೆ ಬಾಯಿ ತೆರೆಯಬೇಕು. ಮಾತು ಪೂರ್ತಿ ಮುಗಿದ ಮೇಲೆ ಗುಂಡಿ ಬಿಡಬೇಕು. "ಓವರ್" ಎಂದರೆ "ನನ್ನದಾಯಿತು, ನೀನು ಹೇಳು"; "ಔಟ್" ಎಂದರೆ "ಮಾತು ಮುಗಿಯಿತು". ಸಿನಿಮಾದವರಂತೆ ಎರಡನ್ನೂ ಒಟ್ಟಿಗೆ ಹೇಳಿದರೆ ಅರ್ಥವಿಲ್ಲ.

ಮೊದಲ ವಾರದಲ್ಲೇ ಒಂದು ಎಡವಟ್ಟಾಯಿತು. ಮೇಲಿನ ಅಂಚಿನಲ್ಲಿ ಕಣಜದ ಗೂಡು ಕಂಡವನು "ಈ ಕಡೆ ಬರಬೇಡಿ" ಎಂದು ಹೇಳುತ್ತ, ಗಾಬರಿಯಲ್ಲಿ ಗುಂಡಿಯನ್ನು ಬೇಗ ಬಿಟ್ಟುಬಿಟ್ಟ. ಕೆಳಗಿನವರಿಗೆ ಕೇಳಿಸಿದ್ದು "ಈ ಕಡೆ ಬರಬೇ..." ಎಂದಷ್ಟೇ. ಬರಬೇಕು ಎಂದುಕೊಂಡು ಇಬ್ಬರು ಹತ್ತಿ ಹೋಗಿ ಕಚ್ಚಿಸಿಕೊಂಡು ಬಂದರು. ಆಗ ನನಗೆ ಹೊಳೆಯಿತು. ಇಂಗ್ಲಿಷಿನವರ 'ಡೋಂಟ್' ಮಾತಿನ ಮೊದಲಲ್ಲೇ ಬರುತ್ತದೆ. ನಮ್ಮ ಕನ್ನಡದಲ್ಲಿ ಬೇಕು, ಬೇಡಗಳ ತೀರ್ಮಾನ ಕೊನೆಯ ಅಕ್ಷರದಲ್ಲಿರುತ್ತದೆ! ಅಂದಿನಿಂದ "ಬೇಡ, ಬೇಡ" ಎಂದು ಮೊದಲೇ ಹೇಳಿ ಆಮೇಲೆ ವಿಷಯಕ್ಕೆ ಬರಬೇಕೆಂದು ನಿಯಮ ಮಾಡಿದೆವು. ಒಂದು ಅಕ್ಷರದ ಮಹಿಮೆ ನಮ್ಮ ಊರಿಗೆ ಹೊಸದೇನಲ್ಲ. ಚಂದ್ರಹಾಸನ ಕುಂತಳನಗರ ಇದೇ ಎಂಬ ಐತಿಹ್ಯವಿದೆಯಲ್ಲ. ಅವನಿಗೆ ವಿಷ ಕೊಡೆಂದು ಬರೆದ ಓಲೆಯಲ್ಲಿ ಮಂತ್ರಿಯ ಮಗಳು ಒಂದಕ್ಷರ ಸೇರಿಸಿ 'ವಿಷಯೆ'ಯನ್ನು ಕೊಡೆಂದು ಮಾಡಿಬಿಟ್ಟಳು. ಅವನು ಬದುಕಿದ, ಇವಳಿಗೆ ಗಂಡ ಸಿಕ್ಕಿದ. ನಮ್ಮವರಿಗೆ ಸಿಕ್ಕಿದ್ದು ಕಣಜ.

ಇಷ್ಟೆಲ್ಲ ನಿಯಮ ಮಾಡಿದ ಮೇಷ್ಟರ ಕಥೆಯನ್ನು ಇನ್ನು ಕೇಳಿ.

2022ರ ಮಾರ್ಚ್ ತಿಂಗಳು. ಅಂದು ಒಂಬತ್ತು ಜನ ಕೆಲಸದಲ್ಲಿದ್ದರು, ಇಬ್ಬರಿಗೊಂದು ಸೆಟ್ಟು. ಹತ್ತೂವರೆಗೆ ಚಹಾ ಕುಡಿದು ಫ್ಲಾಸ್ಕನ್ನು ಬಗಲಚೀಲದೊಳಗೆ ಇಟ್ಟೆ. ಸೆಟ್ಟನ್ನೂ ಅದರ ಪಕ್ಕಕ್ಕೇ ತುರುಕಿದೆ. ದನ ಕಾಯುವ ಹುಡುಗನೊಬ್ಬ ಬಂದು ಕುಳಿತ. ಶಾಲೆ ಬಿಟ್ಟವನು. ಅವನಿಗೆ ಬುದ್ಧಿ ಹೇಳತೊಡಗಿದೆ. ನನ್ನ ಕಾಲದ ಶಿಸ್ತು, ಓದಿ ಮುಂದೆ ಬಂದವರ ಉದಾಹರಣೆ, ಈಗಿನ ಹುಡುಗರ ಅಲಕ್ಷ್ಯ... ನಿಮಗೆಲ್ಲ ಗೊತ್ತಿರುವ ಭಾಷಣವೇ. ಇವತ್ತು ಸೆಟ್ಟು ಎಷ್ಟು ಶಾಂತವಾಗಿದೆ, ಎಲ್ಲರೂ ಶಿಸ್ತು ಕಲಿತಿದ್ದಾರೆ ಎಂದು ಒಳಗೊಳಗೇ ಸಂತೋಷವೂ ಆಯಿತು.

ಸೆಟ್ಟು ಶಾಂತವಾಗಿದ್ದ ಕಾರಣ ಬೇರೆ. ಫ್ಲಾಸ್ಕು ಅದರ ಗುಂಡಿಯನ್ನು ಅದುಮಿ ಹಿಡಿದಿತ್ತು. ಗುಂಡಿ ಒತ್ತಿದ ಸೆಟ್ಟು ಕೇಳಿಸಿಕೊಳ್ಳುವುದಿಲ್ಲ, ಹೇಳುತ್ತಲೇ ಇರುತ್ತದೆ. ದಾರಿ ಖಾಲಿ ಇಲ್ಲದಾಗ ಇನ್ನೊಬ್ಬರು ನುಗ್ಗದಂತೆ ನಮ್ಮ ಸೆಟ್ಟುಗಳಲ್ಲಿ ಒಂದು ತಡೆಯಿತ್ತು. ಗುಂಡಿ ಒತ್ತಿದರೆ "ಬೀಪ್" ಎಂದು ಸುಮ್ಮನಾಗಿಬಿಡುತ್ತಿತ್ತು. ಶಿಸ್ತಿಗಾಗಿ ಆ ತಡೆಯನ್ನು ಹಾಕಿಸಿದವನೂ ನಾನೇ.

ಅದೇ ಹೊತ್ತಿನಲ್ಲಿ ಕಾನಿನ ಹಿಂಬದಿಯ ತಗ್ಗಿನಲ್ಲಿ ಒಬ್ಬನಿಗೆ ಕತ್ತಿ ಜಾರಿ ಮೊಣಕಾಲಿನ ಕೆಳಗೆ ಆಳವಾಗಿ ಬಿದ್ದಿತ್ತು. ಜೊತೆಗಾರ ನೀರು ತರಲು ಹೋಗಿದ್ದ. ಗಾಯಗೊಂಡವನು ನನ್ನದೇ ಹಳೆಯ ವಿದ್ಯಾರ್ಥಿ, ಹೆಸರು ಬೇಡ. ಟವಲನ್ನು ಬಿಗಿಯಾಗಿ ಕಟ್ಟಿಕೊಂಡು ಸೆಟ್ಟು ಒತ್ತಿದ. ಬೀಪ್. ಮತ್ತೆ ಒತ್ತಿದ. ಬೀಪ್. ಬಿಟ್ಟಾಗಲೆಲ್ಲ ಅದರಿಂದ ನನ್ನ ಭಾಷಣ ಬರುತ್ತಿತ್ತು. ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ, ರಕ್ತ ಸೋರುತ್ತಿರಲು, ಅವನು ಅದನ್ನು ಕೇಳುತ್ತ ಕುಳಿತಿದ್ದ.

ಕೊನೆಗೆ ಸೆಟ್ಟನ್ನು ಬದಿಗಿಟ್ಟು ಕೂ ಹಾಕಿದ. ನಮ್ಮ ಗುಂಪಿನ ಹಿರಿಯರು, ಎಪ್ಪತ್ತು ದಾಟಿದವರು, ಅದನ್ನು ಅರ್ಧಂಬರ್ಧ ಕೇಳಿ, "ಏ, ಎಲ್ಲ ಸುಮ್ನಿರ್ರೋ! ಮಷೀನ್ ನಿಲ್ಸ್ರೋ!" ಎಂದು ಗದರಿದರಂತೆ. ಕಳೆ ಕತ್ತರಿಸುವ ಯಂತ್ರ ನಿಂತಿತು. ಎಲ್ಲರೂ ಉಸಿರು ಹಿಡಿದು ನಿಂತರು. ಎರಡನೆಯ ಕೂ ಬಂದ ದಿಕ್ಕಿಗೆ ಓಡಿದರು. ನನಗೆ ಗೊತ್ತಾದದ್ದು ತಮ್ಮನ ಮಗ ಏದುಸಿರು ಬಿಡುತ್ತ ಬಂದು, ಮಾತಿಲ್ಲದೆ ನನ್ನ ಚೀಲದಿಂದ ಸೆಟ್ಟನ್ನು ಹೊರಗೆಳೆದಾಗ. ಅದರ ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

ಮೊದಲು ಆನವಟ್ಟಿಗೆ, ಅಲ್ಲಿಂದ ಶಿವಮೊಗ್ಗಕ್ಕೆ ಕರೆದೊಯ್ದೆವು. ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಸ್ನಾಯುವಿನ ಹುರಿ ತುಂಡಾಗಿತ್ತು. ಇಂದಿಗೂ ಅವನು ಆ ಕಾಲನ್ನು ತುಸು ಎಳೆದು ನಡೆಯುತ್ತಾನೆ.

ಮೂರನೆಯ ದಿನ ಆಸ್ಪತ್ರೆಯಲ್ಲಿ ಅವನ ಪಕ್ಕ ಕುಳಿತು ಕ್ಷಮೆ ಕೇಳಿದೆ. ಅವನು ಮುಜುಗರಪಟ್ಟು ನಕ್ಕ. "ಬಿಡಿ ಸಾರ್, ನೀವೇನು ಬೇಕಂತ ಮಾಡಿದ್ರಾ? ಪಾಠ ನಡೀತಿತ್ತು, ನಡುವೆ ಕೈ ಎತ್ತೋಕಾಗ್ಲಿಲ್ಲ. ಆವತ್ತೂ ಹಿಂಗೇ ಆಗಿತ್ತು."

"ಯಾವತ್ತು?" ಎಂದೆ.

ಅವನಿಗೆ ಹೇಳಲು ಮನಸ್ಸಿರಲಿಲ್ಲ. ಒತ್ತಾಯಿಸಿದ ಮೇಲೆ ಹೇಳಿದ. 1994ರಲ್ಲಿ ಅವನು ಹತ್ತನೆಯ ತರಗತಿಯಲ್ಲಿದ್ದ. ಪರೀಕ್ಷೆಯ ಶುಲ್ಕ ಕಟ್ಟಲು ಅದು ಕೊನೆಯ ದಿನ. ಮನೆಯಲ್ಲಿ ಹಣ ಹೊಂದಿಸಲಾಗಿರಲಿಲ್ಲ. ನನ್ನ ಬಳಿ ಹೇಳಿಕೊಳ್ಳೋಣವೆಂದು ಎದ್ದು ನಿಂತಿದ್ದನಂತೆ. ನಾನು ಬೋರ್ಡಿನಿಂದ ತಿರುಗದೆಯೇ, "ಕೂತ್ಕೋ, ಪಾಠ ಮುಗೀಲಿ" ಎಂದೆನಂತೆ. ಪಾಠ ಮುಗಿಯುವ ಹೊತ್ತಿಗೆ ಗಂಟೆ ಹೊಡೆಯಿತು, ಅವನ ಧೈರ್ಯವೂ ಮುಗಿದಿತ್ತು. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ.

ನನಗೆ ಆ ದಿನ ನೆನಪಿಲ್ಲ. ಎಷ್ಟು ಕೆದಕಿದರೂ ನೆನಪಾಗುತ್ತಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇದೇ. ಆ ಶುಲ್ಕವನ್ನು ನಾನು ಕಟ್ಟುತ್ತಿದ್ದೆ. ಬೇರೆ ಮಕ್ಕಳಿಗೆ ಕಟ್ಟಿದ್ದೂ ಉಂಟು. ಆದರೆ ಕೇಳಿಸಿಕೊಂಡಿದ್ದರೆ ತಾನೇ?

ಅಂದಿನಿಂದ ನಮ್ಮ ಪದ್ಧತಿ ಬದಲಾಗಿದೆ. ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಗುಂಡಿ ಒತ್ತಿದ್ದರೆ ಸೆಟ್ಟು ತಾನೇ ಸುಮ್ಮನಾಗುವ ಏರ್ಪಾಡನ್ನು ಹುಡುಗ ಎಲ್ಲದರಲ್ಲೂ ಮಾಡಿದ್ದಾನೆ. ದಾರಿಯ ತಡೆಯನ್ನು ತೆಗೆಸಿದ್ದೇವೆ. ಸೆಟ್ಟು ಚೀಲದಲ್ಲಲ್ಲ, ಎದೆಯ ಮೇಲಿರಬೇಕು. ಒಬ್ಬರನ್ನೇ ಬಿಟ್ಟು ಹೋಗುವಂತಿಲ್ಲ. ಹಿಂದೆ ಹಡಗುಗಳ ರೇಡಿಯೋ ಕೋಣೆಯ ಗಡಿಯಾರದ ಮುಖದಲ್ಲಿ ಕೆಂಪು ಬಣ್ಣದ ಪಟ್ಟಿಗಳಿರುತ್ತಿದ್ದವು. ಪ್ರತಿ ಗಂಟೆಯ 15ರಿಂದ 18ನೆಯ ಮತ್ತು 45ರಿಂದ 48ನೆಯ ನಿಮಿಷದವರೆಗೆ, 500 ಕಿಲೋಹರ್ಟ್ಸ್ ತರಂಗಾಂತರದಲ್ಲಿ ಎಲ್ಲರೂ ಮಾತು ನಿಲ್ಲಿಸಿ, ಎಲ್ಲಿಂದಾದರೂ ಆಪತ್ತಿನ ಕರೆ ಬರುತ್ತಿದೆಯೇ ಎಂದು ಕಿವಿಗೊಡಬೇಕಿತ್ತು. ಉಪಗ್ರಹಗಳ ವ್ಯವಸ್ಥೆ ಬಂದ ಮೇಲೆ ಆ ಪದ್ಧತಿ ನಿಂತಿತು. ನಮ್ಮ ಕಾನಿನಂಚಿನಲ್ಲಿ ಅದನ್ನು ಮತ್ತೆ ಶುರುಮಾಡಿದ್ದೇವೆ. ಅರ್ಧ ಗಂಟೆಗೊಮ್ಮೆ ಹಾಜರಿ, ಆಮೇಲೆ ಒಂದು ನಿಮಿಷ ಮೌನ. ಯಂತ್ರ ನಿಲ್ಲುತ್ತದೆ, ಪೊರಕೆ ನಿಲ್ಲುತ್ತದೆ.

ಏರಿಯ ಮೇಲಿನ ಕಲ್ಲಿನಲ್ಲಿ ಈಗ ನಾನು ಕೂರುವುದಿಲ್ಲ. ಕಾಲು ಎಳೆಯುವ ನನ್ನ ವಿದ್ಯಾರ್ಥಿಯೇ ಕಂಟ್ರೋಲ್ ರೂಮು. ಹಾಜರಿ ಕರೆಯುವವನು ಅವನು. ನಾನು ಪೊರಕೆ ಹಿಡಿದು ಕೆಳಗಿನ ಅಂಚಿನಲ್ಲಿರುತ್ತೇನೆ. ಅಭ್ಯಾಸಬಲದಿಂದ ಮಾತು ಉದ್ದವಾದರೆ, ನಾನು ಉಸಿರು ತೆಗೆದುಕೊಳ್ಳಲು ಬಿಟ್ಟ ಸಂದಿಯಲ್ಲಿ ಅವನ ದನಿ ಬರುತ್ತದೆ: "ಸಾರ್, ಗುಂಡಿ ಬಿಡಿ. ಓವರ್."

ಬಿಡುತ್ತೇನೆ.

ಇದನ್ನು ಓದುತ್ತಿರುವ ನನ್ನ ವಿದ್ಯಾರ್ಥಿಗಳಲ್ಲಿ, ಎಂದೋ ಒಂದು ದಿನ ಎದ್ದು ನಿಂತು, ನನ್ನ ಬೆನ್ನು ನೋಡಿ ಕುಳಿತವರು ಇನ್ನೂ ಇರಬಹುದು. ಆ ಮಾತೇನಿತ್ತೆಂದು ಈಗಲಾದರೂ ನನಗೆ ತಿಳಿಸಿ. ತಡವಾಗಿದೆ, ಬಲ್ಲೆ. ಕೇಳಿಸಿಕೊಳ್ಳುತ್ತೇನೆ.