ಸೆಲ್ ಹೊಸದು, ಬೆಳಕು ಹಳೇದು

ಹಳೇ ಡಿಜಿಟಲ್ ವಾಚುಗಳಲ್ಲಿ ಬಟನ್ ಒತ್ತಿದರೆ ಇಡೀ ಡಯಲ್ ಒಂದೇ ಸಮ ನೀಲಿ-ಹಸಿರಾಗಿ ಹೊಳೆಯೋದನ್ನ ನಾವೆಲ್ಲ ನೋಡಿದ್ದೀವಿ. ಆಗ ವಾಚನ್ನು ಕಿವಿಗೆ ಹಿಡಿದು ಕೇಳಿದ್ದೀರಾ? ಸಣ್ಣಗೆ ‘ಗುಂಯ್’ ಅನ್ನುತ್ತೆ. ಒಳಗೆ ಬಲ್ಬೂ ಇಲ್ಲ, ಎಲ್‌ಇಡಿಯೂ ಇಲ್ಲ. ಇರೋದು ಕಾಗದದಷ್ಟು ತೆಳುವಾದ ಒಂದು ಹಾಳೆ.

ನಮ್ಮ ಭಾಷೇಲಿ ಹೇಳೋದಾದ್ರೆ ಆ ಹಾಳೆ ಒಂದು ಕೆಪಾಸಿಟರ್. ಫಸ್ಟ್ ಇಯರ್‌ನಲ್ಲಿ ಎರಡು ಗೆರೆ ಎಳೆದು ತೋರಿಸ್ತಿದ್ವಲ್ಲ, ಅದೇ. ಹಿಂದೆ ಒಂದು ಎಲೆಕ್ಟ್ರೋಡ್, ಮುಂದೆ ಬೆಳಕು ಹಾದುಹೋಗುವಂಥ ಇನ್ನೊಂದು, ನಡುವೆ ಇನ್ಸುಲೇಟರ್ ಮತ್ತು ಚೂರು ತಾಮ್ರ ಬೆರೆತ ಜಿಂಕ್ ಸಲ್ಫೈಡ್ ಪುಡಿ. ಎಲೆಕ್ಟ್ರಿಕ್ ಫೀಲ್ಡ್ ದಿಕ್ಕು ಬದಲಿಸಿದಾಗಲೆಲ್ಲ ಪುಡಿಯೊಳಗಿನ ಎಲೆಕ್ಟ್ರಾನ್‌ಗಳು ಮೇಲಿನ ಮಟ್ಟಕ್ಕೇರಿ ಮತ್ತೆ ಇಳಿಯುತ್ತವೆ. ಇಳಿಯುವಾಗ ಬಿಟ್ಟ ಶಕ್ತಿಯೇ ಈ ಬೆಳಕು. ಜಿಂಕ್ ಸಲ್ಫೈಡ್ ಹೀಗೆ ಹೊಳೆಯೋದನ್ನ 1936ರಲ್ಲಿ ಫ್ರಾನ್ಸಿನ ಜಾರ್ಜ್ ಡೆಸ್ಟ್ರಿಯೊ ತೋರಿಸಿದರು. ಟೈಮೆಕ್ಸ್ ಕಂಪನಿ 1992ರಲ್ಲಿ ಇದನ್ನೇ ‘ಇಂಡಿಗ್ಲೋ’ ಹೆಸರಲ್ಲಿ ಕೈಗಡಿಯಾರಕ್ಕೆ ತಂದಿತು.

ಮಜಾ ಇರೋದು ವೋಲ್ಟೇಜಿನಲ್ಲಿ. ಹಾಳೆಗೆ ಬೇಕಾದದ್ದು ಸುಮಾರು 100 ವೋಲ್ಟ್, ಅದೂ ಎಸಿ. ಸೆಲ್ ಕೊಡೋದು ಬರೀ 3 ವೋಲ್ಟ್ ಡಿಸಿ, ಕೆಲವು ವಾಚಲ್ಲಿ ಇನ್ನೂ ಕಮ್ಮಿ. ಪುಟ್ಟ ಕಾಯಿಲ್‌ಗೆ ಹರಿಯುವ ಕರೆಂಟನ್ನು ಸರ್ಕ್ಯೂಟ್ ಪಟಪಟನೆ ಕಡಿದು ಕಡಿದು ವೋಲ್ಟೇಜ್ ಏರಿಸುತ್ತೆ. ವೋಲ್ಟೇಜ್ ಏರಿದಷ್ಟೂ ಕರೆಂಟ್ ಇಳಿಯುತ್ತೆ. ಸೆಕೆಂಡಿಗೆ ನೂರಾರು ಸಲ ದಿಕ್ಕು ಬದಲಾಗುವಾಗಿನ ನಡುಕವೇ ಆ ‘ಗುಂಯ್’.

ನಮ್ಮ ಮನೇಲಿ ಇದು ಬರೀ ಸಿಲಬಸ್ ವಿಷಯ ಅಲ್ಲ. ಅಪ್ಪನಿಗೆ ಬೆಳಗಿನ ಜಾವದ ಬಸ್ ಡ್ಯೂಟಿ. ಒಂದೇ ರೂಮಿನಲ್ಲಿ ಮಲಗಿರೋ ನಮಗೆ ಎಚ್ಚರ ಆಗಬಾರದು ಅಂತ ಲೈಟ್ ಹಾಕದೆ, ವಾಚಿನ ಬೆಳಕಲ್ಲೇ ಟೈಮ್ ನೋಡಿ ಏಳ್ತಾರೆ. ಈಗ ಆ ಬೆಳಕು ಮಂಕಾಗಿದೆ. ಸೆಲ್ ಬದಲಿಸಿದರೂ ಅಷ್ಟೇ. “ಇದನ್ನೇ ತಾನೆ ಓದ್ತಿರೋದು, ಸರಿ ಮಾಡು ನೋಡೋಣ” ಅಂದರು.

ಸರಿ ಮಾಡೋಕೆ ಅದು ಕೆಟ್ಟಿಲ್ಲ, ಸವೆದಿದೆ. ಈ ಪುಡಿ ಎಷ್ಟು ಹೊತ್ತು ಹೊಳೆಯುತ್ತೋ ಅಷ್ಟಷ್ಟೇ ತನ್ನ ಶಕ್ತಿ ಕಳ್ಕೊಳ್ಳುತ್ತೆ. ತೇವ ಸೇರಿದರೆ ಇನ್ನೂ ಬೇಗ. ದಿನಕ್ಕೆ ನಾಲ್ಕೈದು ಸೆಕೆಂಡು ಉರಿದರೆ ವರ್ಷಗಟ್ಟಲೆ ಬರುತ್ತೆ, ಆದರೆ ಅಪ್ಪ ಅದೇ ಬೆಳಕಲ್ಲಿ ಶರ್ಟು, ಟಿಫನ್ ಡಬ್ಬಿ ಎಲ್ಲಾ ಹುಡುಕ್ತಿದ್ದರು. ಹಾಳೆಯನ್ನೇ ಬದಲಿಸಬೇಕು, ಅದು ನಮ್ಮೂರ ವಾಚ್ ಅಂಗಡೀಲಿ ಸಿಗಲಿಲ್ಲ.

ಇಷ್ಟನ್ನೂ ಕೂತು ವಿವರಿಸಿದ್ವಿ. ಅಪ್ಪ ಪೂರ್ತಿ ಕೇಳಿ, ವಾಚ್ ಕಟ್ಟಿಕೊಂಡು ಒಮ್ಮೆ ಬಟನ್ ಒತ್ತಿ ನೋಡಿದರು. “ಟೈಮ್ ಕಾಣ್ಸುತ್ತಲ್ಲ, ಸಾಕು ಬಿಡು.”