ಉಪ್ಪಿನ ಗಣಿಯೊಳಗೊಂದು ಜೈಂಟ್ ವೀಲ್

ಪ್ರಿಯ ಗೆಳತಿ,

ನಿಮ್ಮ ಪತ್ರ ತಲುಪಿತು. ರಜೆಯಲ್ಲಿ ಮಕ್ಕಳಿಗೆ ಬೇರೆ ಬೇರೆ ಊರಿನ ಅಮ್ಯೂಸ್‌ಮೆಂಟ್ ಪಾರ್ಕುಗಳನ್ನು ತೋರಿಸಿ ಬಂದಿರಿ, ಆಮೇಲೆ ಫೋಟೋ ನೋಡಿದರೆ ಯಾವುದು ಯಾವ ಊರಿನದೆಂದು ನಿಮಗೇ ಗುರುತು ಹತ್ತಲಿಲ್ಲ ಎಂದು ಬರೆದಿದ್ದೀರಿ. ಎಲ್ಲೆಲ್ಲೂ ಅದೇ ನೀಲಿ ಜಾರುಬಂಡಿ, ಅದೇ ಅಲೆಗಳ ಕೊಳ, ಅದೇ ಬಾಯಿ ತೆರೆದ ಡೈನೊಸಾರ್. ‘ಬೇರೆ ಥರದ್ದು ಜಗತ್ತಿನಲ್ಲಿ ಎಲ್ಲೂ ಇಲ್ಲವೇ?’ ಎಂದು ಕೇಳಿದ್ದೀರಿ.

ಖಂಡಿತ ಇವೆ. ಎಷ್ಟೋ ದಿನದಿಂದ ಅಂಥ ಪಾರ್ಕುಗಳ ಬಗ್ಗೆ ಓದುತ್ತಾ, ಅವುಗಳ ಚಿತ್ರಗಳನ್ನು ನೋಡುತ್ತಾ ಬಂದಿದ್ದೇನೆ. ನನಗೆ ಇಷ್ಟವಾದವುಗಳಲ್ಲಿ ಒಂದು ಸಮಾನ ಗುಣ ಕಾಣುತ್ತದೆ: ಅವನ್ನು ಕಿತ್ತು ಇನ್ನೊಂದು ಊರಲ್ಲಿ ನೆಡಲು ಬರುವುದಿಲ್ಲ. ಆ ನೆಲದಲ್ಲಿ ಹಿಂದೆ ನಡೆದದ್ದೇ ಅವುಗಳ ಬಂಡವಾಳ. ಕೆಲಸ ನಿಂತುಹೋದ ಜಾಗ, ಸೋತ ಯೋಜನೆ, ಊರು ಬಿಟ್ಟು ಹೋದ ಜನ, ಇವುಗಳ ಮೇಲೇ ಅಲ್ಲಿಯವರು ಆಟ ಕಟ್ಟಿದ್ದಾರೆ.

ಮೊದಲು ರೊಮೇನಿಯಾದ ತುರ್ದಾ ಎಂಬ ಊರಿಗೆ ಹೋಗೋಣ. ಟ್ರಾನ್ಸಿಲ್ವೇನಿಯಾ ಸೀಮೆಯ ಈ ಊರಿನ ನೆಲದಡಿ ಉಪ್ಪೋ ಉಪ್ಪು. ನೂರಾರು ವರ್ಷ ಅಲ್ಲಿಯ ಜನ ಪಿಕಾಸಿ ಹಿಡಿದು ಅದನ್ನು ಕಡಿದರು. 1932ರಲ್ಲಿ ಗಣಿಗಾರಿಕೆ ನಿಂತಿತು. ಎರಡನೇ ಮಹಾಯುದ್ಧದಲ್ಲಿ ಬಾಂಬ್ ದಾಳಿಯಿಂದ ತಪ್ಪಿಸಿಕೊಳ್ಳಲು ಊರಿನವರು ಗಣಿಯೊಳಗೆ ಅಡಗಿ ಕೂತರು. ಯುದ್ಧ ಮುಗಿದ ಮೇಲೆ ಅಲ್ಲಿಯ ತಂಪು ಕಂಡು ಚೀಸ್ ಇಡುವ ಉಗ್ರಾಣ ಮಾಡಿಕೊಂಡರು. 1992ರಲ್ಲಿ ಪ್ರವಾಸಿಗರಿಗೆ ಬಾಗಿಲು ತೆರೆಯಿತು. ಐರೋಪ್ಯ ಒಕ್ಕೂಟದ ನೆರವಿನಿಂದ ದೊಡ್ಡ ದುರಸ್ತಿ ನಡೆದು 2010ರಲ್ಲಿ ಈಗಿನ ರೂಪ ಬಂತು.

ಅಲ್ಲಿ ಇಳಿಯುವ ಬಗೆಯನ್ನೇ ನೋಡಿ. ರುಡಾಲ್ಫ್ ಎಂಬ ಗಣಿಕೋಣೆ 42 ಮೀಟರ್ ಆಳ, 80 ಮೀಟರ್ ಉದ್ದ. ಗಾಜಿನ ಲಿಫ್ಟ್ ಇದೆ, ಆದರೆ ಮಕ್ಕಳಿದ್ದರೆ ಮೆಟ್ಟಿಲಲ್ಲೇ ಇಳಿಯಬೇಕು ಎಂದು ನನಗನಿಸುತ್ತದೆ. ಯಾಕೆಂದರೆ ಇಳಿಯುತ್ತಾ ಹೋದಂತೆ ಒಂದೊಂದು ಹಂತದ ಗೋಡೆಯ ಮೇಲೂ ಒಂದೊಂದು ಇಸವಿ ಕಾಣುತ್ತದೆ. ಗಣಿಯವರು ಅಷ್ಟು ಆಳ ತಲುಪಿದ ವರ್ಷ ಅದು. ಒಂದು ಅಂಕಿಯಿಂದ ಇನ್ನೊಂದಕ್ಕೆ ಇಳಿಯಲು ನಮಗೆ ಅರೆನಿಮಿಷ ಸಾಕು. ಅಷ್ಟನ್ನು ಕಡಿಯಲು ಅವರಿಗೆ ವರ್ಷಗಳೇ ಹಿಡಿದವು. ಸುತ್ತಲಿನ ಗೋಡೆಗಳ ತುಂಬ ಬಿಳಿ, ಬೂದು, ಕಪ್ಪು ಪಟ್ಟೆಗಳು ಬಳುಕಿಕೊಂಡು ಓಡಿವೆ. ಅವೆಲ್ಲ ಉಪ್ಪಿನ ಪದರಗಳು. ಕೆಳಗೆ ತಲುಪಿದರೆ ದೀಪಗಳ ನಡುವೆ 20 ಮೀಟರ್ ಎತ್ತರದ ಜೈಂಟ್ ವೀಲ್ ನಿಧಾನವಾಗಿ ಸುತ್ತುತ್ತಿರುತ್ತದೆ. ಅದರ ತೊಟ್ಟಿಲಲ್ಲಿ ಕೂತವರಿಗೆ ಆಕಾಶದ ಬದಲು ಉಪ್ಪಿನ ಗೋಡೆಗಳು ಹತ್ತಿರದಿಂದ ಕಾಣುತ್ತವೆ. ಪಕ್ಕದಲ್ಲಿ ಮಿನಿ ಗಾಲ್ಫ್, ಬೌಲಿಂಗ್, ಟೇಬಲ್ ಟೆನಿಸ್.

ಅದಕ್ಕೂ ಕೆಳಗೆ ತೆರೇಜಾ ಗಣಿ. ಕವುಚಿಟ್ಟ ಗಡಿಗೆಯ ಹಾಗಿರುವ ಈ ಕೋಣೆಯ ತಳದಲ್ಲಿ ಉಪ್ಪುನೀರಿನ ಸರೋವರವಿದೆ, ನಡುವೆ ಉಪ್ಪಿನದೇ ದ್ವೀಪ. ಅಪ್ಪ ಅಮ್ಮಂದಿರು ಮಕ್ಕಳನ್ನು ಕೂರಿಸಿಕೊಂಡು ದೋಣಿಗೆ ಹುಟ್ಟು ಹಾಕುತ್ತಾರೆ. ವರ್ಷವಿಡೀ 10ರಿಂದ 12 ಡಿಗ್ರಿ ಚಳಿ, ಹಾಗಾಗಿ ಬೇಸಿಗೆಯಲ್ಲೂ ಸ್ವೆಟರ್ ಬೇಕು. ಉಪ್ಪನ್ನು ಮೇಲೆತ್ತಲು ಕುದುರೆಗಳು ಸುತ್ತು ಹೊಡೆದು ತಿರುಗಿಸುತ್ತಿದ್ದ ದೊಡ್ಡ ಮರದ ರಾಟೆಯನ್ನು ಇದ್ದ ಜಾಗದಲ್ಲೇ ಉಳಿಸಿಕೊಂಡಿದ್ದಾರೆ. ಮಕ್ಕಳು ಆಟಕ್ಕೆ ಹೋಗುವ ದಾರಿಯಲ್ಲೇ ದುಡಿಮೆಯ ಗುರುತುಗಳನ್ನೂ ಕಾಣುತ್ತಾರೆ. ಯಾರೂ ಪಾಠ ಹೇಳಬೇಕಾಗಿಲ್ಲ.

ಎರಡನೆಯದು ಜರ್ಮನಿಯ ಕಾಲ್ಕರ್, ರೈನ್ ನದಿಯ ದಂಡೆಯಲ್ಲಿ, ನೆದರ್ಲೆಂಡ್ಸ್ ಗಡಿಗೆ ಹತ್ತಿರ. 1973ರಲ್ಲಿ ಅಲ್ಲಿ ಫಾಸ್ಟ್ ಬ್ರೀಡರ್ ಮಾದರಿಯ ಅಣುಸ್ಥಾವರ ಕಟ್ಟಲು ಶುರು ಮಾಡಿದರು. ತಾನು ಉರಿಸುವುದಕ್ಕಿಂತ ಹೆಚ್ಚು ಇಂಧನವನ್ನು ತಾನೇ ಹುಟ್ಟಿಸಬಲ್ಲ ಸ್ಥಾವರ ಎಂಬ ದೊಡ್ಡ ಆಸೆ ಅದರ ಹಿಂದಿತ್ತು. ಆದರೆ ಅದನ್ನು ತಂಪಾಗಿಡಲು ಬೇಕಾದದ್ದು ದ್ರವರೂಪದ ಸೋಡಿಯಂ, ನೀರು ತಾಗಿದರೆ ಹೊತ್ತಿಕೊಳ್ಳುವ ಲೋಹ. ಸುತ್ತಲಿನ ಜನ ಹೆದರಿದರು. ರೈತರೊಬ್ಬರು ಕೋರ್ಟಿನ ಮೆಟ್ಟಿಲು ಹತ್ತಿದರು. 1977ರಲ್ಲಿ ಹತ್ತಾರು ಸಾವಿರ ಜನ ಅಲ್ಲಿಗೆ ಮೆರವಣಿಗೆ ಬಂದರು. 1985ರಲ್ಲಿ ಕಟ್ಟಡವೇನೋ ಮುಗಿಯಿತು, ಮರುವರ್ಷವೇ ಚೆರ್ನೋಬಿಲ್ ದುರಂತ. ಕೊನೆಗೆ 1991ರಲ್ಲಿ ಯೋಜನೆಯನ್ನೇ ಕೈಬಿಟ್ಟರು. ಸುಮಾರು 700 ಕೋಟಿ ಮಾರ್ಕ್ ಸುರಿದ ಸ್ಥಾವರ ಒಂದೇ ಒಂದು ಯೂನಿಟ್ ವಿದ್ಯುತ್ ಕೊಡಲಿಲ್ಲ.

ಅದರೊಳಗೆ ಅಣು ಇಂಧನ ತುಂಬಿಯೇ ಇರಲಿಲ್ಲವಾದ್ದರಿಂದ ವಿಕಿರಣದ ಭಯವೂ ಇರಲಿಲ್ಲ. 1995ರಲ್ಲಿ ಹೆನ್ನಿ ವಾನ್ ಡರ್ ಮೋಸ್ಟ್ ಎಂಬ ಡಚ್ ಉದ್ಯಮಿ ಅದನ್ನು ಕೊಂಡು ಪಾರ್ಕ್ ಮಾಡಿದರು. ಇವತ್ತು ಅದು ‘ವುಂಡರ್‌ಲ್ಯಾಂಡ್ ಕಾಲ್ಕರ್’. ಕೂಲಿಂಗ್ ಟವರಿನ ಹೊರಮೈಗೆ ಹಿಮದ ಬೆಟ್ಟಗಳ ಚಿತ್ರ ಬರೆದು ಹತ್ತುವ ಗೋಡೆ ಮಾಡಿದ್ದಾರೆ. ಒಳಗೆ ಸರಪಳಿಯ ತೊಟ್ಟಿಲಾಟ. ತೊಟ್ಟಿಲುಗಳು ಗಿರಗಿರನೆ ಸುತ್ತುತ್ತಾ ಟವರಿನ ಒಡಲಿನಿಂದ ಮೇಲೇಳುತ್ತವೆ, ಅಂಚು ದಾಟುತ್ತವೆ, ಆಗ ಫಕ್ಕನೆ ಬೆಳಕು, ಗಾಳಿ, ಸುತ್ತಲಿನ ಬಯಲು. ಸ್ಥಾವರದ ಕಟ್ಟಡಗಳಲ್ಲಿ ಈಗ ಹೋಟೆಲು, ಊಟದ ಮನೆಗಳು.

ಈ ಪಾರ್ಕ್ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಕ್ಕೆ: ಅಷ್ಟು ದೊಡ್ಡ ಜಗಳದ ಜಾಗವನ್ನು ಒಡೆದು ನೆಲಸಮ ಮಾಡಿದ್ದರೆ ಅಲ್ಲಿ ಏನು ನಡೆಯಿತೆಂದು ನೆನೆಯಲು ಒಂದು ಕಲ್ಲೂ ಉಳಿಯುತ್ತಿರಲಿಲ್ಲ. ಈಗ ತೊಟ್ಟಿಲಾಟ ಆಡಿದ ಮಗು ಮನೆಗೆ ಮರಳುವಾಗ ‘ಇಷ್ಟು ದಪ್ಪ ಗೋಡೆ ಯಾಕೆ ಕಟ್ಟಿದ್ದರು?’ ಎಂದು ಕೇಳಬಹುದು. ಆ ಪ್ರಶ್ನೆಗೆ ಉತ್ತರ ಹೇಳಲು ಹೊರಟರೆ ಅಣುಶಕ್ತಿಯ ಆಸೆ, ಆತಂಕ, ಜನರ ಹೋರಾಟ ಎಲ್ಲವೂ ಮಾತಿಗೆ ಬರುತ್ತವೆ.

ಎಲ್ಲ ನೋವಿನ ಮೇಲೂ ಹೀಗೆ ಆಟ ಕಟ್ಟಬಹುದೇ ಎಂದು ನೀವು ಕೇಳುತ್ತೀರಿ, ಗೊತ್ತು. ಅದಕ್ಕೆ ಲಿಥುವೇನಿಯಾದ ಗ್ರೂಟಸ್ ಪಾರ್ಕಿನ ಕಥೆ ಹೇಳಬೇಕು. ಸೋವಿಯತ್ ಹಿಡಿತದಿಂದ ದೇಶ ಬಿಡುಗಡೆಯಾದಾಗ ಚೌಕಗಳಲ್ಲಿದ್ದ ಲೆನಿನ್, ಸ್ಟಾಲಿನ್ ಪ್ರತಿಮೆಗಳನ್ನು ಉರುಳಿಸಿದರು. ಅಣಬೆ ವ್ಯಾಪಾರದಲ್ಲಿ ಹಣ ಮಾಡಿದ ವಿಲ್ಯೂಮಸ್ ಮಾಲಿನೌಸ್ಕಸ್ ಅವನ್ನು ತಂದು ಕಾಡಿನ ನಡುವೆ ನಿಲ್ಲಿಸಿ, ಕಾವಲು ಗೋಪುರ, ಮುಳ್ಳುತಂತಿಗಳನ್ನೂ ಹಾಕಿ 2001ರಲ್ಲಿ ಪಾರ್ಕ್ ತೆರೆದರು. ಜನರನ್ನು ಸೈಬೀರಿಯಾಕ್ಕೆ ತುಂಬಿಕೊಂಡು ಹೋದಂಥ ದನದ ಬೋಗಿಗಳಲ್ಲೇ ಪ್ರವಾಸಿಗರನ್ನು ಕರೆತರುವ ಯೋಚನೆ ಅವರಿಗಿತ್ತು. ಅದಕ್ಕೆ ಅನುಮತಿ ಸಿಗಲಿಲ್ಲ. ಸಿಗದಿದ್ದದ್ದೇ ಸರಿ. ಅಂಥ ಬೋಗಿಯಲ್ಲಿ ಅಮ್ಮನನ್ನೋ ಅಣ್ಣನನ್ನೋ ಕಳೆದುಕೊಂಡವರು ಇನ್ನೂ ಬದುಕಿದ್ದಾಗ ಅದು ಯಾರಿಗೂ ಸವಾರಿಯಾಗಬಾರದು. ಉರುಳಿದ ಪ್ರತಿಮೆಯನ್ನು ನೋಡಲು ಇಡುವುದು ಬೇರೆ, ನೊಂದವರ ಪಯಣವನ್ನು ಟಿಕೆಟ್ ಕೊಟ್ಟು ಮಾರುವುದು ಬೇರೆ.

ಹಾಗಾದರೆ ನೊಂದವರೇ ಆಟ ಕಟ್ಟಿದರೆ? ಮೆಕ್ಸಿಕೋದ ಇಡಾಲ್ಗೊ ರಾಜ್ಯದ ಎಲ್ ಆಲ್ಬೆರ್ತೊ ಹಳ್ಳಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಇದಕ್ಕೇ. ಅದು ಅಲ್ಲಿಯ ಮೂಲನಿವಾಸಿ ಓತೊಮಿ ಜನರ ಊರು. ಕೆಲಸ ಹುಡುಕಿಕೊಂಡು, ಕಾಗದಪತ್ರವಿಲ್ಲದೆ ಗಡಿ ದಾಟಿ ಅಮೆರಿಕಕ್ಕೆ ಹೋಗಿ ಹೋಗಿ ಹಳ್ಳಿ ಬರಿದಾಗಿತ್ತು. ಊರಿನವರು ಬಿಸಿನೀರಿನ ಬುಗ್ಗೆಗಳ ಸುತ್ತ ಎಲ್ಲರಿಗೂ ಸೇರಿದ ಒಂದು ಪಾರ್ಕ್ ಮಾಡಿಕೊಂಡರು. 2004ರಲ್ಲಿ ಅದಕ್ಕೆ ‘ರಾತ್ರಿ ನಡಿಗೆ’ ಸೇರಿತು.

ಕತ್ತಲಾದ ಮೇಲೆ ಮುಸುಕು ಹಾಕಿದ ಮಾರ್ಗದರ್ಶಿಯೊಬ್ಬ ನಿಮ್ಮನ್ನು ಕರೆದೊಯ್ಯುತ್ತಾನೆ. ಓಡು ಅಂದಾಗ ಓಡಬೇಕು, ಮಲಗು ಅಂದಾಗ ಕೆಸರಾದರೂ ಮಲಗಬೇಕು. ಮೋರಿಯೊಳಗೆ ತೆವಳಬೇಕು, ಜೋಳದ ಹೊಲದಲ್ಲಿ ಉಸಿರು ಬಿಗಿಹಿಡಿದು ಕೂರಬೇಕು. ಹಿಂದೆ ಕೆಂಪು, ನೀಲಿ ದೀಪ ಹಾಕಿಕೊಂಡು ಗಡಿ ಪೊಲೀಸರ ವೇಷದವರ ಗಾಡಿ ಬರುತ್ತದೆ, ಸೈರನ್ ಕೂಗುತ್ತದೆ. ಗಂಟೆಗಟ್ಟಲೆ ಇದೇ ಓಟ. ನಿಜವಾದ ಗಡಿ ಅಲ್ಲಿಂದ ನೂರಾರು ಮೈಲಿ ದೂರ. ಆದರೆ ಮಾರ್ಗದರ್ಶಿಯಾಗಿ, ಪೊಲೀಸರಾಗಿ ನಟಿಸುವ ಊರವರಲ್ಲಿ ಅನೇಕರು ಆ ಗಡಿಯನ್ನು ನಿಜವಾಗಿಯೂ ದಾಟಿ ಬಂದವರು. ಕಡೆಯಲ್ಲಿ ಕಣಿವೆಯ ಬಂಡೆಗಳ ಮೇಲೆ ಸಾಲು ಪಂಜುಗಳು ಉರಿಯುತ್ತವೆ, ದಾಟಲು ಹೋಗಿ ಸತ್ತವರ ನೆನಪಿಗೆ.

ಬಡವರ ಸಂಕಟವನ್ನು ಮೋಜು ಮಾಡುತ್ತಾರೆ ಎಂದವರಿದ್ದಾರೆ, ಗಡಿ ದಾಟುವ ತರಬೇತಿ ಇದು ಎಂದವರೂ ಇದ್ದಾರೆ. ಊರವರ ಉತ್ತರ ನೇರವಾಗಿದೆ: ಈ ಪಾರ್ಕಿನ ದುಡಿಮೆಯಿಂದ ನಮ್ಮ ಮಕ್ಕಳು ಊರಲ್ಲೇ ಉಳಿಯಲಿ. ನಾನು ಊರವರ ಪರ. ತಮ್ಮ ಕಥೆಯನ್ನು ತಾವೇ ಹೇಳುತ್ತಿದ್ದಾರೆ, ಅದರ ಗಳಿಕೆಯೂ ಅವರ ಊರಿಗೇ ಸೇರುತ್ತದೆ.

ಇದೆಲ್ಲ ಓದುವಾಗ ನನಗೆ ಪದೇ ಪದೇ ನೆನಪಾಗುವುದು ನಮ್ಮ ಕೋಲಾರದ ಚಿನ್ನದ ಗಣಿ, ಅಂದರೆ ಕೆಜಿಎಫ್. 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದ ಗಣಿ ಅದು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿದದ್ದು ಅದಕ್ಕಾಗಿ. 1965ರಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಸುಳಿವು ಹಿಡಿದದ್ದು ಅದರ ಆಳದಲ್ಲಿ. 2001ರ ಫೆಬ್ರವರಿ 28ರಂದು ಅದು ಮುಚ್ಚಿತು. ಈಗ ಸುರಂಗಗಳಲ್ಲಿ ನೀರು, ಮೇಲೆ ಸೈನೈಡ್ ದಿಬ್ಬಗಳ ಧೂಳು. ತುರ್ದಾದ ಹಾಗೆ ನಾಳೆಯೇ ಜೈಂಟ್ ವೀಲ್ ನಿಲ್ಲಿಸಿಬಿಡುವ ಜಾಗ ಅದಲ್ಲ. ಮೊದಲು ಆ ಧೂಳಿಗೆ ಪರಿಹಾರ ಆಗಬೇಕು. ಆದರೆ ಆ ಕತ್ತಲಲ್ಲಿ ಇಳಿದು ದುಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಎಂದಾದರೂ ಅಲ್ಲಿ ಒಂದು ಪಾರ್ಕ್ ಎದ್ದರೆ, ಯೋಜನೆಯ ಮೇಜಿನಲ್ಲಿ ಮೊದಲ ಕುರ್ಚಿ ಅವರದಾಗಿರಬೇಕು. ಸಿನಿಮಾದ ಕೆಜಿಎಫ್ ಎಲ್ಲರಿಗೂ ಗೊತ್ತು. ನಮ್ಮ ಮಕ್ಕಳಿಗೆ ನಿಜವಾದದ್ದನ್ನು ತೋರಿಸುವ ಕೆಲಸ ಬಾಕಿ ಇದೆ.

ನಿಮ್ಮ ದಾವಣಗೆರೆಯನ್ನೂ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರಲ್ಲ. ಮುಂದಿನ ರಜೆಗೆ ಟಿಕೆಟ್ ತೆಗೆಯುವ ಮೊದಲು, ಹತ್ತಿ ಗಿರಣಿಯಲ್ಲಿ ದುಡಿದ ಹಿರಿಯರೊಬ್ಬರ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಮಗ್ಗಗಳ ಸದ್ದಿನ ನಡುವೆ ಒಬ್ಬರ ಮಾತು ಒಬ್ಬರಿಗೆ ಹೇಗೆ ಕೇಳುತ್ತಿತ್ತು, ರಾತ್ರಿ ಪಾಳಿಯಲ್ಲಿ ನಿದ್ದೆ ಹೇಗೆ ತಡೆಯುತ್ತಿದ್ದರು, ಗಿರಣಿ ನಿಂತ ದಿನ ಏನು ಮಾಡಿದರು, ಮಕ್ಕಳೇ ಕೇಳಲಿ. ಆಮೇಲೆ ಮಕ್ಕಳ ಕೈಗೆ ಕಾಗದ, ಬಣ್ಣ ಕೊಟ್ಟು ಅಂಥದೊಂದು ಗಿರಣಿಯಲ್ಲಿ ಎಂಥ ಪಾರ್ಕ್ ಕಟ್ಟುತ್ತೀರಿ ಎಂದು ಕೇಳಿ. ಬಿಡಿಸಿದ ಚಿತ್ರಗಳನ್ನು ನನಗೂ ಕಳಿಸಿ, ಆ ಹಿರಿಯರಿಗೂ ತಪ್ಪದೆ ತೋರಿಸಿ. ಎಲ್ಲಿ ಸರಿಯಾಗಿದೆ, ಎಲ್ಲಿ ತಿದ್ದಬೇಕು ಎಂದು ಹೇಳಬಲ್ಲವರು ಅವರೇ.

ಮನೆಯವರಿಗೆಲ್ಲ ನನ್ನ ನೆನಪು ತಿಳಿಸಿ.

ಪ್ರೀತಿಯಿಂದ,
ನಿಮ್ಮ ಗೆಳತಿ